ಹಲ್ಲಿನ ಡಾಕ್ಟರಿಗೆ ಹಾರ್ಟಿನ ವಿಷಯ ಹೇಳದೆ ಹೋದದ್ದು

ಉರ್ವದ ಮಗಳು – ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ದಿನಾ ಎರಡು ಸಲ ಹಲ್ಲುಜ್ಜಿದರೆ ಹಾರ್ಟ್ ಅಟ್ಯಾಕ್ ಹತ್ತಿರ ಸುಳಿಯುವುದಿಲ್ಲವಂತೆ. ಕೆಳಗೆ ಒಂದು ಕೆಂಪು ಹೃದಯ, ಪಕ್ಕದಲ್ಲಿ ನಗುವ ಹಲ್ಲು. ಅಪ್ಪ ಓದಿ ನಕ್ಕರು. ನನಗೆ ನಗು ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಇದೇ ಹಲ್ಲು ಮತ್ತು ಹಾರ್ಟಿನ ಸಂಬಂಧಕ್ಕೆ ನಾವು ಆರು ವಾರ ಆಸ್ಪತ್ರೆಯಲ್ಲಿ ಕೂತವರು. ಆದರೆ ನಮಗೆ ಆದದ್ದು ಆ ಫಾರ್ವರ್ಡಿನಲ್ಲಿ ಇರಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ.

ಅಪ್ಪನಿಗೆ ಈಗ 63. ಚಿಕ್ಕಂದಿನಲ್ಲಿ ಒಮ್ಮೆ ಗಂಟಲು ನೋವು ಬಂದು, ಆಮೇಲೆ ಮೊಣಕಾಲು ಊದಿಕೊಂಡು ಎರಡು ತಿಂಗಳು ಶಾಲೆಗೆ ಹೋಗಿರಲಿಲ್ಲವಂತೆ. ಅದು ಮುಂದೆ ಹಾರ್ಟಿನ ವಾಲ್ವ್ ಹಾಳು ಮಾಡಬಲ್ಲ ರುಮ್ಯಾಟಿಕ್ ಜ್ವರ ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಲವತ್ತು ವರ್ಷ ಕಳೆದು ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿದ ಮೇಲೆ ಎಕೋ, ಅಂದರೆ ಹಾರ್ಟಿನ ಸ್ಕ್ಯಾನ್, ಮಾಡಿಸಿದೆವು. ಹಾರ್ಟಿನ ಮೈಟ್ರಲ್ ಅನ್ನುವ ವಾಲ್ವ್ ಪೂರ್ತಿ ಹಾಳಾಗಿತ್ತು. ಒಂಬತ್ತು ವರ್ಷದ ಹಿಂದೆ ಲೋಹದ ವಾಲ್ವ್ ಹಾಕಿಸಿದೆವು. ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ಅಪ್ಪನ ಎದೆಯ ಟಿಕ್ ಟಿಕ್ ಪಕ್ಕದವರಿಗೆ ಕೇಳುತ್ತದೆ. ನನ್ನ ಮಗ ಅದನ್ನು ಅಜ್ಜನ ಗಡಿಯಾರ ಅನ್ನುತ್ತಾನೆ.

ಹೋದ ವರ್ಷ ಮೇ ತಿಂಗಳಲ್ಲಿ ಕೆಳಗಿನ ಒಂದು ದವಡೆ ಹಲ್ಲು ಅಲುಗಾಡಲು ಶುರುವಾಯಿತು. ಅಪ್ಪ ಒಬ್ಬರೇ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿ ಕೀಳಿಸಿಕೊಂಡು ಬಂದರು. ಅಲ್ಲಿ ಫಾರ್ಮ್ ಕೊಟ್ಟಿದ್ದರಂತೆ. "ಬೇರೆ ಕಾಯಿಲೆ" ಅಂತ ಇದ್ದ ಕಡೆ ಅಪ್ಪ "ಇಲ್ಲ" ಅಂತ ಬರೆದಿದ್ದಾರೆ! ಆಮೇಲೆ ಕೇಳಿದರೆ, "ಹಾರ್ಟಿನದ್ದು ರಿಪೇರಿ ಆಯ್ತಲ್ಲ, ಮತ್ತೆಂತ ಕಾಯಿಲೆ?" ಅಂತ ನನಗೇ ಕೇಳಿದರು. ಅದು ಸಾಲದೆ, ರಕ್ತ ನಿಲ್ಲುವುದಿಲ್ಲ ಅಂತ ಯಾರೋ ಹೇಳಿದ್ದನ್ನು ಕೇಳಿ ವಾಲ್ವಿಗಾಗಿ ಕೊಟ್ಟ ಆಸಿಟ್ರೋಮ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆಯನ್ನು ನಾಲ್ಕು ದಿನ ತಾವೇ ನಿಲ್ಲಿಸಿದ್ದರು. ಅಮ್ಮನಿಗೂ ಹೇಳಿರಲಿಲ್ಲ. ಹಾಗಾಗಿ ಆ ಕ್ಲಿನಿಕ್ಕಿನವರನ್ನು ಬೈಯಲು ನನಗೆ ಬಾಯಿಲ್ಲ. ಎದೆಯ ಮೇಲಿನ ಗಾಯದ ಗೆರೆ ಅಂಗಿಯ ಒಳಗೆ ಇತ್ತು, ಅವರಿಗೆ ಹೇಗೆ ಗೊತ್ತಾಗಬೇಕು?

ಮೂರು ವಾರಕ್ಕೆ ಜ್ವರ ಶುರು. ಸಂಜೆ ಚಳಿ, ರಾತ್ರಿ ಬೆವರು, ಬೆಳಿಗ್ಗೆ ಎದ್ದರೆ ಏನೂ ಇಲ್ಲ. ನಮ್ಮ ಮಂಗಳೂರಲ್ಲಿ ಮಳೆಗಾಲದ ಜ್ವರ ಅಂದರೆ ಗೊತ್ತಲ್ಲ, ಮೊದಲು ಮಲೇರಿಯಾ, ಆಮೇಲೆ ಡೆಂಗ್ಯೂ, ಆಮೇಲೆ ಇಲಿಜ್ವರ. ಮೂರೂ ಇಲ್ಲ ಅಂತ ರಿಪೋರ್ಟ್ ಬಂತು. ಐದು ದಿನಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರು, ಜ್ವರ ಬಿಟ್ಟಿತು. ಮಾತ್ರೆ ಮುಗಿದು ನಾಲ್ಕು ದಿನಕ್ಕೆ ವಾಪಸ್. ಮತ್ತೆ ಅದೇ ಮಾತ್ರೆ, ಮತ್ತೆ ಅದೇ ಕತೆ. ಅಷ್ಟರಲ್ಲಿ ಅಪ್ಪನ ಲುಂಗಿ ಸೊಂಟದಲ್ಲಿ ನಿಲ್ಲದ ಹಾಗಾಗಿತ್ತು.

ಕೊನೆಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಸಣ್ಣ ಪ್ರಾಯದ ಒಬ್ಬಳು ಡಾಕ್ಟರ್, ಹೌಸ್ ಸರ್ಜನ್ ಇರಬೇಕು, ಮೊಬೈಲಿನ ಟಾರ್ಚ್ ಹಾಕಿ ಅಪ್ಪನ ಒಂದೊಂದೇ ಉಗುರು ನೋಡಿದಳು. ಎರಡು ಉಗುರಿನ ಅಡಿಯಲ್ಲಿ ಸಣ್ಣ ಕಂದು ಗೆರೆ. ಮರದ ಸಿಬಿರು ಚುಚ್ಚಿಕೊಂಡು ಒಳಗೇ ಉಳಿದ ಹಾಗೆ. ನಾವು ತಿಂಗಳಿಂದ ಆ ಕೈಗೆ ಮಾತ್ರೆ ಕೊಡುತ್ತಿದ್ದೆವು, ಕಂಡಿರಲಿಲ್ಲ. ಅವಳು ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ. "ಅಂಕಲ್, ಈಚೆಗೆ ಹಲ್ಲು ತೆಗೆಸಿದ್ರಾ?"

ಎಂಡೋಕಾರ್ಡೈಟಿಸ್. ಹೊಸ ವಾಲ್ವಿನ ಮೇಲೆ ಬ್ಯಾಕ್ಟೀರಿಯಾ ಗೂಡು ಕಟ್ಟಿತ್ತು. ಆರು ವಾರ ಇಂಜೆಕ್ಷನ್. ವಾಲ್ವ್ ಮತ್ತೆ ಬದಲಿಸುವ ಪ್ರಸಂಗ ಬರಲಿಲ್ಲ, ಅದು ನಮ್ಮ ಪುಣ್ಯ.

ಈಗ ಇನ್ನೊಂದು ಹಲ್ಲು ಅಲುಗಾಡುತ್ತಿದೆ. ಮುಂದಿನ ವಾರ ತೋರಿಸಬೇಕು. ಏನೇನು ಹೇಳಬೇಕು, ಏನೇನು ಕೇಳಬೇಕು? ಮತ್ತೆ ಆ ಫಾರ್ವರ್ಡಿನಲ್ಲಿ ನಿಜ ಎಷ್ಟು? ಗೊತ್ತಿರುವವರು ಹೇಳಿ.


ನೀರ್‌ದೋಸೆ – ಭಾನುವಾರ, ರಾತ್ರಿ 9.58

ಅಬ್ಬಾ. ನಾನು ನಾಳೆ ಕ್ಲೀನಿಂಗಿಗೆ ಹೋಗುವವನಿದ್ದೆ. ಹೋಗಬೇಕಾ ಬೇಡವಾ ಮಾರಾಯ್ರೆ?


ದಂತವಕ್ರ – ಭಾನುವಾರ, ರಾತ್ರಿ 10.35

ಹೋಗಿ ಮಾರಾಯ್ರೆ, ಧೈರ್ಯವಾಗಿ ಹೋಗಿ. ನಾನು ಒಸಡಿನ ಡಾಕ್ಟರ್, ದೇರಳಕಟ್ಟೆ ಕಡೆ ಕೆಲಸ. ಹೆಸರು ನೋಡಿ ಹೆದರಬೇಡಿ, ಕಾಲೇಜಿನಲ್ಲಿ ಗೆಳೆಯರು ಇಟ್ಟದ್ದು.

ಉರ್ವದ ಅಕ್ಕನ ಪ್ರಶ್ನೆಗೆ ಬರ್ತೇನೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿ ಉಂಟು. ಜನ ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುತ್ತಾರೆ. ಮೊದಲನೆಯದು ನಿಮ್ಮ ತಂದೆಗೆ ಆದದ್ದು, ಹಾರ್ಟಿನ ವಾಲ್ವಿಗೆ ಸೋಂಕು. ಎರಡನೆಯದು ಹಾರ್ಟ್ ಅಟ್ಯಾಕ್, ಅಂದರೆ ರಕ್ತನಾಳ ಕಟ್ಟಿಕೊಳ್ಳುವುದು. ಮೊದಲನೆಯದರಲ್ಲಿ ಬಾಯಿಯ ಪಾತ್ರ ಸ್ಪಷ್ಟ. ಅಪರೂಪದ ಕಾಯಿಲೆ, ಬಂದರೆ ಪ್ರಾಣಕ್ಕೇ ಅಪಾಯ. ಎರಡನೆಯದು ಮನೆಮನೆಯಲ್ಲಿ ಇರುವ ಕಾಯಿಲೆ, ಅಲ್ಲಿ ಬಾಯಿಯ ಪಾತ್ರ ಎಷ್ಟು ಅನ್ನುವುದು ಇನ್ನೂ ಚರ್ಚೆಯಲ್ಲೇ ಉಂಟು. ಫಾರ್ವರ್ಡಿನವರು ಎರಡನೆಯದನ್ನು ಡಂಗುರ ಸಾರುತ್ತಾರೆ. ಮೊದಲನೆಯದರ ಸುದ್ದಿಯೇ ಇಲ್ಲ.

ನಮ್ಮ ಬಾಯಲ್ಲಿ ಸ್ಟ್ರೆಪ್ಟೋಕಾಕಸ್ ವಿರಿಡಾನ್ಸ್ ಅನ್ನುವ ಬ್ಯಾಕ್ಟೀರಿಯಾ ಗುಂಪು ಸದಾ ಇರುತ್ತದೆ. ಹಲ್ಲು ಕೀಳುವಾಗ, ಒಸಡಿನ ಅಡಿ ಕ್ಲೀನ್ ಮಾಡುವಾಗ ಅದು ರಕ್ತಕ್ಕೆ ಇಳಿಯುತ್ತದೆ. ನಮ್ಮ ನಿಮ್ಮಂಥವರಲ್ಲಿ ಸ್ವಲ್ಪ ಹೊತ್ತಿನಲ್ಲಿ ರಕ್ತವೇ ಅದನ್ನು ಗುಡಿಸಿ ಹಾಕುತ್ತದೆ. ಆದರೆ ಕೃತಕ ವಾಲ್ವ್ ಇದ್ದರೆ ಅದಕ್ಕೆ ಅಂಟಿಕೊಳ್ಳಲು ಜಾಗ ಸಿಕ್ಕಿದ ಹಾಗೆ. ನಮ್ಮ ಅಂಗಳದ ಪಾಚಿಯ ಹಾಗೇ, ನುಣುಪು ನೆಲದಲ್ಲಿ ನೀರು ಹರಿದು ಹೋಗುತ್ತದೆ, ಒರಟು ಕಲ್ಲಿನಲ್ಲಿ ಹಿಡಿದುಕೊಳ್ಳುತ್ತದೆ.

ಅಂಥವರಿಗೆ ಹಲ್ಲಿನ ಕೆಲಸಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಒಂದೇ ಒಂದು ಡೋಸ್ ಆ್ಯಂಟಿಬಯೋಟಿಕ್ ಕೊಡುತ್ತೇವೆ. ಸಾಮಾನ್ಯವಾಗಿ ದೊಡ್ಡವರಿಗೆ 2 ಗ್ರಾಂ ಅಮಾಕ್ಸಿಸಿಲಿನ್. ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆ. ಮೂರು ದಿನ, ಐದು ದಿನದ ಕೋರ್ಸ್ ಅಲ್ಲ, ಒಂದೇ ಡೋಸ್. ಇದನ್ನು ಯಾರೂ ಅಂಗಡಿಯಿಂದ ತಂದು ನುಂಗಬೇಡಿ. ನಿಮ್ಮ ಹಾರ್ಟಿನ ಡಾಕ್ಟರ್ ಬರೆದು ಕೊಡಲಿ.


ಸ್ಟೆಂಟ್ ಶೆಟ್ರು – ಭಾನುವಾರ, ರಾತ್ರಿ 10.50

ಡಾಕ್ಟ್ರೇ, ನನಗೆ ಎರಡು ಸ್ಟೆಂಟ್ ಹಾಕಿದ್ದಾರೆ. ಹಾಗಾದ್ರೆ ನಾನೂ ನುಂಗಬೇಕಾ?


ದಂತವಕ್ರ – ಭಾನುವಾರ, ರಾತ್ರಿ 11.05

ಬೇಡ ಶೆಟ್ರೆ. ಸ್ಟೆಂಟ್, ಬೈಪಾಸ್, ಪೇಸ್‌ಮೇಕರ್, ಇವಕ್ಕೆ ಈ ಡೋಸ್ ಬೇಕಾಗಿಲ್ಲ. ಬೇಕಾದವರು ಮುಖ್ಯವಾಗಿ ಕೃತಕ ವಾಲ್ವ್ ಇದ್ದವರು, ಹಿಂದೆ ಒಮ್ಮೆ ಎಂಡೋಕಾರ್ಡೈಟಿಸ್ ಬಂದು ಹೋದವರು, ಹುಟ್ಟಿನಿಂದ ಕೆಲವು ಬಗೆಯ ಹಾರ್ಟಿನ ತೊಂದರೆ ಇದ್ದವರು. ಮೊದಲು ಪಟ್ಟಿ ಬಹಳ ಉದ್ದ ಇತ್ತು. 2007ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಅದನ್ನು ಕತ್ತರಿಸಿ ಚಿಕ್ಕದು ಮಾಡಿತು, 2021ರಲ್ಲಿ ಮತ್ತೆ ನೋಡಿ ಅದನ್ನೇ ಉಳಿಸಿಕೊಂಡಿತು. ಬ್ರಿಟನ್ನಿನವರು 2008ರಲ್ಲಿ ಇನ್ನೂ ಮುಂದೆ ಹೋಗಿ, ಇದು ಯಾರಿಗೂ ಬೇಡ ಅಂದುಬಿಟ್ಟಿದ್ದರು. 2016ರಲ್ಲಿ ಆ ಮಾತನ್ನು ಸ್ವಲ್ಪ ಸಡಿಲ ಮಾಡಿದರು.

ಕತ್ತರಿಸಿದ್ದು ಯಾಕೆ ಗೊತ್ತಾ? ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯಲು ಹಲ್ಲು ಕೀಳಿಸಲೇಬೇಕು ಅಂತಿಲ್ಲ. ಒಸಡು ಊದಿಕೊಂಡಿದ್ದರೆ ದಿನಾ ಉಜ್ಜುವಾಗ, ಚಕ್ಕುಲಿ ಜಗಿಯುವಾಗಲೂ ಇಳಿಯುತ್ತದೆ. ವರ್ಷಕ್ಕೊಮ್ಮೆ ಕುರ್ಚಿಯಲ್ಲಿ ಕೂರುವುದಕ್ಕಿಂತ ವರ್ಷದ 365 ದಿನದ ಲೆಕ್ಕ ದೊಡ್ಡದು. ಹಾಗಾಗಿ ಅಕ್ಕಾ, ನಿಮ್ಮ ತಂದೆಗೆ ಆ ಹಲ್ಲು ಕೀಳಿಸಿದ್ದರಿಂದಲೇ ಬಂತು ಅಂತ ನೂರಕ್ಕೆ ನೂರು ಹೇಳಲು ಆಗುವುದಿಲ್ಲ. ಸಮಯ ನೋಡಿದರೆ ಹೊಂದುತ್ತದೆ. ಆದರೆ ಆ ಹಲ್ಲು ಅಲುಗಾಡಿದ್ದೇ ಒಸಡು ಹಾಳಾಗಿದ್ದಕ್ಕೆ ಅಲ್ವಾ? ಅಲ್ಲಿಂದ ಎಷ್ಟು ದಿನದಿಂದ ಸೋರುತ್ತಿತ್ತೋ ಯಾರಿಗೆ ಗೊತ್ತು.


ಲ್ಯಾಬಿನ ಹಳೆ ತಲೆ – ಸೋಮವಾರ, ಬೆಳಿಗ್ಗೆ 6.15

ನಾನು ಮೂವತ್ತು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಉರ್ವದ ತಂಗಿ ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಎರಡು ಸುತ್ತು ಆ್ಯಂಟಿಬಯೋಟಿಕ್.

ಎಂಡೋಕಾರ್ಡೈಟಿಸ್ ಇದ್ದರೆ ಹಿಡಿಯುವ ದಾರಿ ಬ್ಲಡ್ ಕಲ್ಚರ್. ಬೇರೆ ಬೇರೆ ಜಾಗದಿಂದ ಮೂರು ಸಲ ರಕ್ತ ತೆಗೆದು ಬಾಟ್ಲಿಗೆ ಹಾಕಿ, ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ದಿನಗಟ್ಟಲೆ ಕಾಯುತ್ತೇವೆ. ಮೊದಲೇ ಅರೆಬರೆ ಆ್ಯಂಟಿಬಯೋಟಿಕ್ ತಿಂದು ಬಂದಿದ್ದರೆ ಬಾಟ್ಲಿಯಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ವಾಲ್ವಿನಲ್ಲಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ರಿಪೋರ್ಟಿನಲ್ಲಿ "ಬೆಳವಣಿಗೆ ಇಲ್ಲ" ಅಂತ ಸಹಿ ಹಾಕುವಾಗ ಎಷ್ಟೋ ಸಲ ನನಗೇ ಕಸಿವಿಸಿ ಆಗುತ್ತಿತ್ತು. ಕೇಳಿದರೆ ಪೇಷಂಟಿನ ಕಡೆಯವರು, "ಮೆಡಿಕಲ್‌ನಿಂದ ಎರಡು ಮಾತ್ರೆ ತಕೊಂಡಿದ್ರು ಅಷ್ಟೆ" ಅನ್ನುತ್ತಿದ್ದರು.

ವಾಲ್ವ್ ಆಪರೇಷನ್ ಆದವರಿಗೆ ಕಾರಣ ಗೊತ್ತಿಲ್ಲದ ಜ್ವರ ಒಂದು ವಾರ ದಾಟಿದರೆ, ಆ್ಯಂಟಿಬಯೋಟಿಕ್ ಮುಟ್ಟುವ ಮೊದಲು ಕಲ್ಚರಿಗೆ ರಕ್ತ ಕೊಡಿ. ಮಲೇರಿಯಾ ಟೆಸ್ಟೂ ಮಾಡಿಸಿ, ನಮ್ಮೂರಲ್ಲಿ ಅದು ಬೇಕೇ ಬೇಕು. ಜೊತೆಗೆ ಇದನ್ನೂ ಕೇಳಿ.


ಉರ್ವದ ಮಗಳು – ಸೋಮವಾರ, ಬೆಳಿಗ್ಗೆ 7.20

ಸರಿಯಾಗಿ ಹೇಳಿದ್ರಿ ಸರ್. ಅಪ್ಪನ ಮೊದಲ ಕಲ್ಚರಿನಲ್ಲಿ ಏನೂ ಬರಲಿಲ್ಲ. ಎರಡನೇ ಸಲ ತೆಗೆದದ್ದರಲ್ಲಿ ಸಿಕ್ಕಿತು, ದಂತವಕ್ರ ಡಾಕ್ಟ್ರು ಹೇಳಿದ ಅದೇ ವಿರಿಡಾನ್ಸ್. ಎದೆಯ ಮೇಲಿನಿಂದ ಮಾಡಿದ ಎಕೋದಲ್ಲಿ ಸ್ಪಷ್ಟ ಕಾಣಲಿಲ್ಲ, ಬಾಯಿಯಿಂದ ಪೈಪ್ ಇಳಿಸಿ ಮಾಡಿದ್ದರಲ್ಲಿ ಕಂಡಿತು. ಸ್ಕ್ರೀನಿನಲ್ಲಿ ನೋಡಿದೆ. ಪ್ರತಿ ಬಡಿತಕ್ಕೂ ಏನೋ ಒಂದು ತುಣುಕು ಪಟಪಟ ಅಂತ ಅಲುಗಾಡುತ್ತಿತ್ತು. ಅದು ಕಳಚಿ ಮೆದುಳಿಗೆ ಹೋದರೆ ಸ್ಟ್ರೋಕ್ ಅಂತ ಹೇಳಿದ ಮೇಲೆ ಅಮ್ಮ ಅಪ್ಪನನ್ನು ಬಾತ್‌ರೂಮಿಗೂ ಒಬ್ಬರೇ ಕಳಿಸಲಿಲ್ಲ.


ಲೆಕ್ಕದ ಮಾಣಿ – ಸೋಮವಾರ, ಬೆಳಿಗ್ಗೆ 9.10

ಕುಂದಾಪುರದವ, ಈಗ ಮಣಿಪಾಲದಲ್ಲಿ ಅಂಕಿ ಅಂಶದ ಕೆಲಸ. ಫಾರ್ವರ್ಡಿನ ವಿಷಯಕ್ಕೆ ನಾನು ಬರ್ತೇನೆ.

ಈ ಕತೆ ದೊಡ್ಡದಾಗಿ ಶುರುವಾದದ್ದು 1989ರಲ್ಲಿ, ಫಿನ್ಲೆಂಡಿನಲ್ಲಿ. ಮಟಿಲಾ ಮತ್ತು ಜೊತೆಯವರು ಹಾರ್ಟ್ ಅಟ್ಯಾಕ್ ಆದ 100 ಜನರ ಬಾಯಿಯನ್ನು, ಆಗದ 102 ಜನರ ಬಾಯಿಯ ಜೊತೆ ಹೋಲಿಸಿದರು. ಅಟ್ಯಾಕ್ ಆದವರ ಬಾಯಿ ಹೆಚ್ಚು ಕೆಟ್ಟಿತ್ತು. ಆಮೇಲೆ ಇಂಥ ಅಧ್ಯಯನ ರಾಶಿ ರಾಶಿ ಬಂತು. ಹೆಚ್ಚಿನವು ಒಂದೇ ದಿಕ್ಕಿಗೆ ಬೆರಳು ತೋರಿಸಿದವು. ರಕ್ತನಾಳದೊಳಗಿನ ಕೊಬ್ಬಿನ ಗಡ್ಡೆ ತೆಗೆದು ನೋಡಿದಾಗ ಒಸಡಿನ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಸಿಕ್ಕಿತು.

ಅಲ್ಲಿಗೆ ಫಾರ್ವರ್ಡಿನವ ನಿಲ್ಲಿಸುತ್ತಾನೆ. ಆದರೆ ಯೋಚನೆ ಮಾಡಿ. ಬೀಡಿ ಸೇದುವವನ ಒಸಡೂ ಹಾಳು, ಹಾರ್ಟೂ ಹಾಳು. ಶುಗರ್ ಇದ್ದವರದ್ದೂ ಹಾಗೇ. ಹಲ್ಲಿಗೆ ತೋರಿಸಲು ಕಾಸಿಲ್ಲದವನ ಹತ್ತಿರ ಬಿಪಿ ಮಾತ್ರೆಗೂ ಕಾಸಿರುವುದಿಲ್ಲ. ಹಾಗಾದರೆ ಒಸಡು ಹಾರ್ಟನ್ನು ಹಾಳು ಮಾಡಿತಾ, ಇಲ್ಲ ಎರಡನ್ನೂ ಮೂರನೆಯದೊಂದು ಹಾಳು ಮಾಡಿತಾ? ಕೊಡೆ ಜಾಸ್ತಿ ಕಂಡ ದಿನ ನೇತ್ರಾವತಿಯಲ್ಲಿ ನೀರು ಜಾಸ್ತಿ ಇರುತ್ತದೆ. ಕೊಡೆಯಿಂದ ನೆರೆ ಬಂತು ಅನ್ನುತ್ತೇವಾ?

ಅಮೆರಿಕದ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಅಷ್ಟೂ ಅಧ್ಯಯನ ಗುಡ್ಡೆ ಹಾಕಿ ನೋಡಿತು. ಸಿಗರೇಟು, ಶುಗರ್ ಎಲ್ಲ ಕಳೆದರೂ ನಂಟು ಸ್ವಲ್ಪ ಉಳಿಯುತ್ತದೆ ಅಂತ ಒಪ್ಪಿತು. ಆದರೆ ಒಸಡಿನ ಕಾಯಿಲೆಯೇ ಕಾರಣ ಅನ್ನುವುದಕ್ಕೆ, ಒಸಡಿಗೆ ಚಿಕಿತ್ಸೆ ಕೊಟ್ಟರೆ ಅಟ್ಯಾಕ್ ತಪ್ಪುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತಲೂ ಹೇಳಿತು. ಹಾಗಾಗಿ ಆ ಫಾರ್ವರ್ಡಿಗೆ ನಾನು ಹತ್ತಕ್ಕೆ ಮೂರು ಮಾರ್ಕು ಕೊಡ್ತೇನೆ.


ದಂತವಕ್ರ – ಸೋಮವಾರ, ಮಧ್ಯಾಹ್ನ 1.30

ಮಾಣಿ, ಸ್ವಲ್ಪ ಧಾರಾಳ ಮಾಡಿ, ನಾಲ್ಕು ಕೊಡಿ. 2007ರ ಒಂದು ಪ್ರಯೋಗ ಉಂಟು, ಟೊನೆಟ್ಟಿ ಅವರದ್ದು. ಒಸಡಿನ ಕಾಯಿಲೆ ಜೋರಾಗಿದ್ದ 120 ಜನರಲ್ಲಿ ಅರ್ಧ ಜನಕ್ಕೆ ಆಳವಾಗಿ ಕ್ಲೀನ್ ಮಾಡಿದರು, ಉಳಿದವರಿಗೆ ಮೇಲ್ಮೇಲೆ ಮಾತ್ರ. ಆಳವಾಗಿ ಮಾಡಿದವರಿಗೆ ಮೊದಲ 24 ಗಂಟೆ ರಕ್ತನಾಳದ ಸ್ಥಿತಿ ಕೆಟ್ಟಿತು. ಆರು ತಿಂಗಳಿಗೆ ನೋಡಿದರೆ ಇನ್ನೊಂದು ಗುಂಪಿಗಿಂತ ಚೆನ್ನಾಗಿತ್ತು. ಅಟ್ಯಾಕ್ ತಪ್ಪಿತು ಅಂತ ಅಲ್ಲ, ನಾಳ ಹಿಗ್ಗುವ ಗುಣ ಸುಧಾರಿಸಿತು. ಒಸಡಿನ ಊತ ಒಸಡಿನಲ್ಲೇ ಉಳಿಯುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ನನ್ನ ಕೆಲಸವೇ ಒಸಡು, ಹಾಗಾಗಿ ನನ್ನ ಮಾತಿಗೆ ಒಂದು ಚಿಟಿಕೆ ಉಪ್ಪು ಸೇರಿಸಿಕೊಂಡೇ ಓದಿ.

ಇನ್ನೊಂದು, ಸೇದುವವರಿಗೆ. ಸಿಗರೇಟು, ಬೀಡಿ ಸೇದುವವರ ಒಸಡಿನಿಂದ ರಕ್ತ ಬರುವುದು ಕಡಿಮೆ. ನಿಕೋಟಿನ್ ಅಲ್ಲಿನ ಸಣ್ಣ ನಾಳಗಳನ್ನು ಬಿಗಿ ಮಾಡುತ್ತದೆ. ಅವರು ಬಂದು, "ನನ್ನ ಒಸಡು ಫಸ್ಟ್ ಕ್ಲಾಸ್ ಡಾಕ್ಟ್ರೇ, ಒಂದು ಹನಿ ರಕ್ತ ಬರುವುದಿಲ್ಲ" ಅನ್ನುತ್ತಾರೆ. ಎಕ್ಸ್-ರೇ ತೆಗೆದರೆ ಹಲ್ಲು ಹಿಡಿಯುವ ಎಲುಬು ಅರ್ಧ ಕರಗಿರುತ್ತದೆ.


ತೋಟದ ಮನೆ ಪುತ್ತೂರು – ಸೋಮವಾರ, ಮಧ್ಯಾಹ್ನ 2.05

ಸುಮ್ನೆ ಒಂದು ಪ್ರಶ್ನೆ. ನಮ್ಮ ಅಜ್ಜ ದಿನಕ್ಕೆ ಹತ್ತು ಸಲ ಎಲೆ ಅಡಿಕೆ ಹಾಕುತ್ತಿದ್ದರು. ಮಾವಿನ ಎಲೆಯಲ್ಲಿ ಹಲ್ಲುಜ್ಜುತ್ತಿದ್ದರು. 88 ವರ್ಷ ಬದುಕಿದರು, ಹಾರ್ಟೂ ಸರಿ ಇತ್ತು, ಹಲ್ಲೂ ಇತ್ತು. ಈಗಿನವರಿಗೆ ಬ್ರಷ್ಷೂ ಉಂಟು, ಪೇಸ್ಟೂ ಉಂಟು, ಕಾಯಿಲೆಯೂ ಉಂಟು. ಏನಂತೀರಿ?


ನೀರ್‌ದೋಸೆ – ಸೋಮವಾರ, ಮಧ್ಯಾಹ್ನ 2.08

ಅಜ್ಜನಿಗೆ ಮೊಬೈಲ್ ಇರಲಿಲ್ಲ ಭಾವ, ಅದಕ್ಕೆ.


ದಂತವಕ್ರ – ಸೋಮವಾರ, ಮಧ್ಯಾಹ್ನ 3.40

ಅಜ್ಜ ಪುಣ್ಯವಂತರು. ಆದರೆ ಅವರ ಜೊತೆಯವರಲ್ಲಿ 50ಕ್ಕೇ ಬೊಚ್ಚುಬಾಯಿ ಆದವರನ್ನು ನಾವು ಯಾರೂ ಲೆಕ್ಕ ಹಾಕುವುದಿಲ್ಲ ಅಲ್ವಾ. ಮಾವಿನ ಎಲೆಯಿಂದ ಮೇಲಿನ ಕೊಳೆ ಹೋಗುತ್ತದೆ, ಎರಡು ಹಲ್ಲಿನ ಸಂದಿಗೆ ಅದು ಹೋಗುವುದಿಲ್ಲ. ಒಸಡಿನ ಕಾಯಿಲೆ ಸಂದಿಯಲ್ಲೇ ಶುರುವಾಗುವುದು. ಉಪ್ಪು, ಮಸಿ ಹಾಕಿ ಗಸಗಸ ತಿಕ್ಕುವವರ ಹಲ್ಲು ಬುಡದಲ್ಲಿ ಕೊಡಲಿ ಏಟು ಬಿದ್ದ ಹಾಗೆ ಸವೆದಿರುತ್ತದೆ.

ಅಡಿಕೆ ಬಗ್ಗೆ ಮಾತಾಡಿದರೆ ನಮ್ಮ ಜಿಲ್ಲೆಯಲ್ಲಿ ಜಗಳ ಆಗುತ್ತದೆ, ಗೊತ್ತು. ನನ್ನ ಮಾವನ ಮನೆಯದ್ದೂ ತೋಟವೇ. ಆದರೂ ಹೇಳಬೇಕು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಹಾರ್ಟಿಗೂ ಕೆಟ್ಟದು.


ತೋಟದ ಮನೆ ಪುತ್ತೂರು – ಸೋಮವಾರ, ಮಧ್ಯಾಹ್ನ 3.52

ನಾನು ಬೆಳೆಯುವವ ಮಾತ್ರ, ತಿನ್ನುವವ ಅಲ್ಲ. ನಿಮ್ಮ ಮಾವನವರಿಗೆ ಈ ವರ್ಷ ಕೊಳೆರೋಗ ಹೇಗುಂಟು?


ನಿರ್ವಾಹಕ – ಸೋಮವಾರ, ಸಂಜೆ 4.00

ಅಡಿಕೆ ಕೊಳೆರೋಗಕ್ಕೆ ಬೇರೆ ಚರ್ಚೆ ಉಂಟು. ಇಲ್ಲಿ ಹಲ್ಲು ಮತ್ತು ಹಾರ್ಟು.


ಕಾರ್ಕಳದ ಭಾವ – ಸೋಮವಾರ, ಸಂಜೆ 6.45

ನನ್ನದೊಂದು ಉಲ್ಟಾ ಕತೆ ಕೇಳಿ. ಹಲ್ಲಿನಿಂದ ಹಾರ್ಟಿಗೆ ಹೋದದ್ದಲ್ಲ, ಹಾರ್ಟಿನಿಂದ ಹಲ್ಲಿಗೆ ಬಂದದ್ದು.

ಎರಡು ವರ್ಷದ ಹಿಂದೆ ನನಗೆ ಎಡಗಡೆ ಕೆಳ ದವಡೆಯಲ್ಲಿ ನೋವು. ಒಂದು ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದೆ. ನೋವು ಹೋಗಲಿಲ್ಲ. ಊಟ ಮಾಡುವಾಗ ಏನೂ ಇಲ್ಲ, ತಣ್ಣೀರು ಕುಡಿದರೂ ಇಲ್ಲ. ಆದರೆ ನೆಂಟರನ್ನು ಕರೆದುಕೊಂಡು ಇಲ್ಲಿನ ಗೊಮ್ಮಟ ಬೆಟ್ಟ ಹತ್ತುವಾಗ ಅರ್ಧಕ್ಕೆ ಬಂದಾಗ ದವಡೆ ಹಿಡಿದುಕೊಂಡಿತು. ಕಲ್ಲಿನ ಮೇಲೆ ಕೂತೆ, ಐದು ನಿಮಿಷಕ್ಕೆ ಹೋಯಿತು. ಮತ್ತೆ ಹತ್ತಿದೆ, ಮತ್ತೆ ಬಂತು. ಎದೆ ನೋವು ಒಂದು ಚೂರೂ ಇಲ್ಲ.

ಇನ್ನೊಬ್ಬ ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ಅವರು ಒಂದೊಂದೇ ಹಲ್ಲನ್ನು ಕನ್ನಡಿ ಹಿಡಿಯಿಂದ ತಟ್ಟಿ ನೋಡಿದರು. ಯಾವುದರಲ್ಲೂ ನೋವಿಲ್ಲ. ನಡೆದರೆ ಬರುತ್ತದೆ, ಕೂತರೆ ಹೋಗುತ್ತದೆ ಅಂದಾಗ ಅವರ ಮುಖ ಬದಲಾಯಿತು. ಗ್ಲೌಸ್ ಕಳಚಿ, "ನಾನು ಮುಟ್ಟುವುದಿಲ್ಲ, ಈಗಲೇ ಇಸಿಜಿ ಮಾಡಿಸಿ" ಅಂತ ತಮ್ಮ ರಿಸೆಪ್ಷನ್ ಹುಡುಗನನ್ನೇ ಜೊತೆಗೆ ಕಳಿಸಿದರು. ಎರಡು ನಾಳ ಬ್ಲಾಕ್ ಇತ್ತು. ಅವರು ಫೀಸು ಕೂಡ ತಗೊಳ್ಳಲಿಲ್ಲ.


ಲೆಕ್ಕದ ಮಾಣಿ – ಸೋಮವಾರ, ಸಂಜೆ 7.00

ಭಾವ, ಇದು ಪ್ರತಿ ಹಲ್ಲಿನ ಕ್ಲಿನಿಕ್ಕಿನ ಗೋಡೆಯಲ್ಲಿ ಇರಬೇಕಾದ ವಿಷಯ. ಕೂತಾಗಲೂ ಹೋಗದೆ, ಬೆವರು, ವಾಕರಿಕೆ ಜೊತೆಗೆ ಬಂದರೆ ಹಲ್ಲಿನ ಕ್ಲಿನಿಕ್ಕೂ ಬೇಡ, ಸೀದಾ ಆಸ್ಪತ್ರೆಗೆ ಓಡಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ನೋಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಮಂಗಳೂರಿನವರೆಗೆ ಕಾಯಬೇಕಾಗಿಲ್ಲ.


ಮಲ್ಪೆ ಅಕ್ಕ – ಸೋಮವಾರ, ರಾತ್ರಿ 8.30

ನನಗೆ ಹಾರ್ಟ್ ಸರಿ ಉಂಟು, ಬಿಪಿ ಮಾತ್ರ. ಅಮ್ಲೋಡಿಪಿನ್ 10 ಎಂಜಿ ತಗೊಳ್ತಾ ಇದ್ದೆ. ವರ್ಷದಲ್ಲಿ ಒಸಡು ದಪ್ಪ ಆಗಿ, ಮುಂದಿನ ಹಲ್ಲಿನ ಮೇಲೆ ಇಳಿದು ಬಂತು. ಸಣ್ಣ ಸಣ್ಣ ಗುಳ್ಳೆ ಪೋಣಿಸಿದ ಹಾಗೆ. ನಗಲು ನಾಚಿಕೆ. ಮೀನು ಮಾರುವ ಕಡೆ ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಿದ್ದೆ. ಪೇಸ್ಟ್ ಬದಲಿಸಿದೆ, ಲವಂಗದ ಎಣ್ಣೆ ಹಚ್ಚಿದೆ. ಕೊನೆಗೆ ಮಣಿಪಾಲದ ಡೆಂಟಲ್ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು, "ಅಮ್ಮಾ, ಬಿಪಿಗೆ ಯಾವ ಮಾತ್ರೆ?" ಅಂತ ಕೇಳಿದಳು. ಡಾಕ್ಟರ್ ಮಾತ್ರೆ ಬದಲಿಸಿ ಕೊಟ್ಟರು, ಚೆನ್ನಾಗಿ ಕ್ಲೀನ್ ಮಾಡಿದರು. ಈಗ ಇಳಿದಿದೆ. ಈ ಮಾತ್ರೆ ತಿನ್ನುವ ಎಲ್ಲರಿಗೂ ಹೀಗಾಗುವುದಿಲ್ಲವಂತೆ. ಯಾರೂ ತಾವಾಗಿ ಬಿಡಬೇಡಿ, ಕೇಳಿ ಬದಲಿಸಿ.


ಸ್ಟೆಂಟ್ ಶೆಟ್ರು – ಸೋಮವಾರ, ರಾತ್ರಿ 9.15

ನನ್ನ ಪ್ರಶ್ನೆ ಅರ್ಧಕ್ಕೇ ನಿಂತಿತು. ಹಲ್ಲು ಕೀಳಿಸಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎರಡೂ ಉಂಟು. ಐದು ದಿನ ನಿಲ್ಲಿಸಿ ಬನ್ನಿ ಅಂತ ಒಂದು ಕಡೆ ಹೇಳಿದರು. ಸ್ಟೆಂಟ್ ಹಾಕಿ ನಾಲ್ಕು ತಿಂಗಳು.


ದಂತವಕ್ರ – ಸೋಮವಾರ, ರಾತ್ರಿ 9.40

ಶೆಟ್ರೆ, ನಿಲ್ಲಿಸಬೇಡಿ! ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ನಾಲ್ಕು ತಿಂಗಳ ಸ್ಟೆಂಟಿನಲ್ಲಿ ಈ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಹಲ್ಲಿನ ಗುಂಡಿಯಿಂದ ರಕ್ತ ಬಂದರೆ ಬೆರಳಿಟ್ಟು ಒತ್ತಿ ಹಿಡಿಯಬಹುದು, ಒಂದು ಹೊಲಿಗೆ ಹಾಕಬಹುದು. ಹಾರ್ಟಿನೊಳಗೆ ಹೆಪ್ಪುಗಟ್ಟಿದರೆ ಯಾರು ಬೆರಳಿಡುವುದು? ಮೊದಲು ಹಾರ್ಟಿನ ಡಾಕ್ಟರಿಗೆ ಫೋನ್ ಮಾಡಿ. ಹಲ್ಲಿನವರಿಗೆ ಅವರ ಚೀಟಿ ತೋರಿಸಿ. ಸ್ವಲ್ಪ ಕಾಯಬಹುದಾದ ಹಲ್ಲಾದರೆ ಕೆಲವು ತಿಂಗಳು ಮುಂದೂಡಲೂ ಬಹುದು, ಅದನ್ನು ಅವರಿಬ್ಬರೂ ಸೇರಿ ತೀರ್ಮಾನ ಮಾಡಲಿ.

ಆಸಿಟ್ರೋಮ್, ಅದೇ ಜಾತಿಯ ವಾರ್ಫರಿನ್ ತಿನ್ನುವವರದ್ದು ಬೇರೆ. ಅವರಿಗೆ ಐಎನ್‌ಆರ್ ಅಂತ ರಕ್ತ ಪರೀಕ್ಷೆ ಉಂಟು, ಅಂಕಿ ಏರಿದಷ್ಟೂ ರಕ್ತ ಹೆಪ್ಪುಗಟ್ಟಲು ತಡ ಅಂತ ಅರ್ಥ. ಹಲ್ಲು ಕೀಳುವ ಹಿಂದಿನ ದಿನ ಮಾಡಿಸಿದರೆ ಒಳ್ಳೆಯದು. ಒಂದೆರಡು ಹಲ್ಲಾದರೆ, 3.5ರ ಒಳಗಿದ್ದರೆ ನಾನು ಮಾತ್ರೆ ನಿಲ್ಲಿಸದೇ ಕೀಳುತ್ತೇನೆ. ಹೊಲಿಗೆ ಹಾಕಿ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಕಚ್ಚಿಸುತ್ತೇನೆ. ಉರ್ವದ ಅಕ್ಕಾ, ನಿಮ್ಮ ತಂದೆ ಲೋಹದ ವಾಲ್ವಿನಲ್ಲಿ ನಾಲ್ಕು ದಿನ ಮಾತ್ರೆ ನಿಲ್ಲಿಸಿದ್ದು ಓದಿ ನನಗೆ ಬೆವರು ಬಂತು. ರಕ್ತ ಹೆಪ್ಪುಗಟ್ಟಿ ವಾಲ್ವೇ ಸಿಕ್ಕಿ ಹಾಕಿಕೊಳ್ಳಬಹುದಿತ್ತು.

ಕೀಳಿಸಿದ ಮೇಲಿನ ಮಾತ್ರೆಯಲ್ಲೂ ಗೊತ್ತಾಗದ ಅಪಾಯ ಒಂದುಂಟು. ಹಲ್ಲಿನವರು ರೂಢಿಯಲ್ಲಿ ಮೆಟ್ರೋನಿಡಜೋಲ್ ಅನ್ನುವ ಆ್ಯಂಟಿಬಯೋಟಿಕ್ ಬರೆಯುತ್ತಾರೆ. ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್. ಆಸಿಟ್ರೋಮ್ ಜೊತೆ ಮೆಟ್ರೋನಿಡಜೋಲ್ ಸೇರಿದರೆ ಐಎನ್‌ಆರ್ ಜಿಗಿಯುತ್ತದೆ. ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ನೋವಿಗೆ ಪ್ಯಾರಾಸಿಟಮಾಲ್ ಕೇಳಿ, ಅದನ್ನೂ ಹೇಳಿದಷ್ಟೇ.


ಮಲ್ಪೆ ಅಕ್ಕ – ಸೋಮವಾರ, ರಾತ್ರಿ 9.55

ನಮ್ಮ ಭಾವನಿಗೆ ಆಸಿಟ್ರೋಮ್ ಕೊಟ್ಟಾಗ ಬಸಳೆ ಪೂರಾ ಬಂದ್ ಅಂತ ಯಾರೋ ಹೇಳಿದ್ದರು. ಬಸಳೆ ಗಸಿ ಇಲ್ಲದೆ ಮನುಷ್ಯ ಬಡಕಲಾದ. ಡಾಕ್ಟರ್ ಕೇಳಿ ನಕ್ಕರು. ಸೊಪ್ಪು ಬಿಡಬೇಕಾಗಿಲ್ಲವಂತೆ, ಒಂದು ವಾರ ರಾಶಿ, ಇನ್ನೊಂದು ವಾರ ಸೊನ್ನೆ ಮಾಡಬಾರದು, ಅಷ್ಟೆ. ಹಲ್ಲಿನ ಚರ್ಚೆಗೆ ಸಂಬಂಧ ಇಲ್ಲ, ಆದರೂ ಹೇಳಿದೆ.


ಉರ್ವದ ಮಗಳು – ಸೋಮವಾರ, ರಾತ್ರಿ 10.20

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ವಿಷಯ ಈಗ ಹೊಳೆಯಿತು. ನಮ್ಮ ಮನೆಯಲ್ಲಿ ಹಾರ್ಟಿನ ಫೈಲ್ ಗೋದ್ರೆಜ್ ಒಳಗೆ, ಸೀರೆಯ ಅಡಿಯಲ್ಲಿ ಇರುತ್ತದೆ. ಹಲ್ಲಿನ ಚೀಟಿ ಫ್ರಿಜ್ಜಿನ ಮೇಲೆ. ಒಂಬತ್ತು ವರ್ಷದಲ್ಲಿ ಎರಡೂ ಒಂದೇ ಚೀಲದಲ್ಲಿ ಒಮ್ಮೆಯೂ ಹೊರಗೆ ಹೋಗಿಲ್ಲ. ಆಪರೇಷನ್ ಆದ ಮೇಲೆ ಡಿಸ್ಚಾರ್ಜ್ ಮಾಡುವಾಗ ಹಲ್ಲಿನ ಬಗ್ಗೆ ಹೇಳಿದ್ದರಾ ಅಂತ ಹುಡುಕಿದೆ. ಉಂಟು, ಮೂರನೇ ಪುಟದಲ್ಲಿ, ಇಂಗ್ಲಿಷಿನಲ್ಲಿ, ಒಂದು ಸಾಲು. ನಾವು ಯಾರೂ ಓದಿರಲಿಲ್ಲ.


ಲ್ಯಾಬಿನ ಹಳೆ ತಲೆ – ಮಂಗಳವಾರ, ಬೆಳಿಗ್ಗೆ 6.05

ಒಂದು ಚಿಕ್ಕ ಕಾರ್ಡ್ ಮಾಡಿಸಿ ತಂದೆಯವರ ಪರ್ಸಿನಲ್ಲಿಡಿ. ಕನ್ನಡದಲ್ಲಿ. ಕೃತಕ ವಾಲ್ವ್ ಉಂಟು, ಯಾವ ವರ್ಷ ಹಾಕಿದ್ದು, ಯಾವ ರಕ್ತ ತೆಳು ಮಾಡುವ ಮಾತ್ರೆ, ಒಮ್ಮೆ ಎಂಡೋಕಾರ್ಡೈಟಿಸ್ ಆಗಿದೆ, ಅಲರ್ಜಿ ಉಂಟಾ ಇಲ್ವಾ, ಡಾಕ್ಟರ್ ಫೋನ್ ನಂಬರ್. ಇಷ್ಟು ಸಾಕು.


ಉರ್ವದ ಮಗಳು – ಮುಂದಿನ ಬುಧವಾರ, ಸಂಜೆ 5.30

ಕೇಳಿದವರಿಗೆ ಸುದ್ದಿ. ಇವತ್ತು ಹೋಗಿ ಬಂದೆವು. ನಿನ್ನೆ ಮಾಡಿಸಿದ ಐಎನ್‌ಆರ್ 2.8. ಹಾರ್ಟಿನ ಡಾಕ್ಟರ್ ಬರೆದು ಕೊಟ್ಟ ಚೀಟಿ, ಕಾರ್ಡ್, ಫೈಲ್, ಎಲ್ಲ ಒಂದೇ ಚೀಲದಲ್ಲಿ. ಅಮಾಕ್ಸಿಸಿಲಿನ್ 500 ಎಂಜಿಯ ನಾಲ್ಕು ಕ್ಯಾಪ್ಸೂಲ್ ಅಪ್ಪ ಕ್ಲಿನಿಕ್ಕಿನಲ್ಲೇ ಕೂತು, ಗೋಡೆ ಗಡಿಯಾರ ನೋಡಿ ನುಂಗಿದರು. 10.20ಕ್ಕೆ.

ಮೊದಲು ಒಸಡಿಗೆ ಒಂದು ತೆಳು ಕಡ್ಡಿ ಹಾಕಿ, ಒಸಡು ಹಲ್ಲಿನಿಂದ ಎಷ್ಟು ಆಳ ಬಿಟ್ಟಿದೆ ಅಂತ ಅಳೆದರು. ಡಾಕ್ಟರ್ ಹೇಳುತ್ತಾ ಹೋದರು, ಪಕ್ಕದಲ್ಲಿ ಹುಡುಗಿ ಬರೆಯುತ್ತಾ ಹೋದಳು. "ಮೂರು, ಎರಡು, ಮೂರು. ಐದು, ಆರು, ಆರು." ಮೂರು ಮಿಲಿಮೀಟರ್ ತನಕ ಸರಿಯಂತೆ. ಆರು ಬಂದಾಗಲೆಲ್ಲ ನಾನು ಅಪ್ಪನ ಮುಖ ನೋಡುತ್ತಿದ್ದೆ. ಆ ಒಂದು ಹಲ್ಲು ಉಳಿಯಲಿಲ್ಲ. ಒಂದು ಹೊಲಿಗೆ, ಅರ್ಧ ಗಂಟೆ ಗಾಜ್ ಕಚ್ಚಿ ಕೂತರು, ರಕ್ತ ನಿಂತಿತು. ಸಂಜೆಯ ಆಸಿಟ್ರೋಮ್ ಎಂದಿನ ಹಾಗೆ. ಉಳಿದ ಒಸಡಿಗೆ ಎರಡು ಸಲ ಬರಬೇಕು, ಪ್ರತಿ ಸಲವೂ ಮುಂಚೆ ಅದೇ ಡೋಸ್. ಜ್ವರ ಬಂದರೆ ಮೆಡಿಕಲ್‌ಗೆ ಹೋಗುವ ಮೊದಲು ಫೋನ್ ಮಾಡಿ ಅಂದರು.

ಫಾರ್ಮ್ ಇಲ್ಲೂ ಕೊಟ್ಟರು. ನಾನು ತುಂಬಿಸುತ್ತೇನೆ ಅಂದರೆ ಅಪ್ಪ ಬಿಡಲಿಲ್ಲ, ಪೆನ್ನು ಕಿತ್ತುಕೊಂಡರು. "ಬೇರೆ ಕಾಯಿಲೆ" ಅನ್ನುವ ಒಂದು ಗೆರೆಯ ಜಾಗ ಸಾಲದೆ ಹಾಳೆ ಮಗುಚಿ ಹಿಂದೆ ಬರೆಯತೊಡಗಿದರು. ಶಾಲೆಗೆ ಹೋಗುವಾಗಿನ ಗಂಟಲು ನೋವಿನಿಂದ ಶುರು.


ನೀರ್‌ದೋಸೆ – ಬುಧವಾರ, ಸಂಜೆ 5.41

ಎಷ್ಟು ಪುಟ ಆಯ್ತು?


ಉರ್ವದ ಮಗಳು – ಬುಧವಾರ, ಸಂಜೆ 5.44

ಒಂದೂವರೆ. ಮೊಣಕಾಲು ಊದಿದ ಕಡೆ ಬರುವಾಗ ಒಳಗೆ ಕರೆದರು.